‘ಓದಾಕ ಮನಸಿಲ್ಲ’ ಅನ್ನೋ ಮೊದಲು

ರಾಯಚೂರು, ಕೊಪ್ಪಳ ಕಡೆಯ ಶಾಲೆಗಳ ಸ್ಟಾಫ್ ರೂಮಿನಲ್ಲಿ ಹೆಚ್ಚು ಬಳಕೆಯಲ್ಲಿರುವ ರೋಗನಿರ್ಣಯ ಇದು: “ಹುಡುಗ ಶಾಣ್ಯಾ ಅದಾನ್ರಿ, ಆದ್ರ ಓದಾಕ ಮನಸಿಲ್ಲ.” ಪೋಷಕರ ಸಭೆಯಲ್ಲೂ ಇದನ್ನೇ ಹೇಳಲಾಗುತ್ತದೆ, ಪೋಷಕರೂ ತಲೆಯಾಡಿಸಿ ಒಪ್ಪಿಕೊಳ್ಳುತ್ತಾರೆ. ಮನಸ್ಸು ಅನ್ನುವುದು ಪಾಟಿಚೀಲದಲ್ಲಿ ಹಾಕಿಕೊಂಡು ಬರುವ ಸಾಮಾನು, ಕೆಲವರು ತರುತ್ತಾರೆ, ಕೆಲವರು ಮನೆಯಲ್ಲೇ ಬಿಟ್ಟು ಬರುತ್ತಾರೆ ಎಂಬಂತೆ. ಡಿ.ಎಡ್., ಬಿ.ಎಡ್. ಪಠ್ಯದಲ್ಲಿ ಇದಕ್ಕೆ ‘ಅಭಿಪ್ರೇರಣೆ’ ಎಂಬ ಭಾರದ ಹೆಸರಿದೆ. ಹತ್ತು ಅಂಕದ ಉತ್ತರ ಬರೆದು ಮರೆತುಬಿಡುವಂಥ ಪದ ಅದು. ಮರೆಯಬಾರದಿತ್ತು. ಯಾಕೆಂದರೆ ಮಗುವಿನ ಕಲಿಯುವ ಹುಮ್ಮಸ್ಸಿನ ದೊಡ್ಡ ಪಾಲು ಹುಟ್ಟುವುದೂ ಸೋರುವುದೂ ತರಗತಿಯೊಳಗೆ, ಅದೂ ಶಿಕ್ಷಕರು ಗಮನಿಸದೆ ಮಾಡುವ ಸಣ್ಣ ಕೆಲಸಗಳಲ್ಲಿ.

ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1980ರ ದಶಕದಲ್ಲಿ ಕಟ್ಟಿದ ಸಿದ್ಧಾಂತವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ನಮ್ಮ ಮಾತಿಗೆ ತಂದರೆ, ಒಂದು ಕೆಲಸಕ್ಕೆ ಮನಸ್ಸು ಕೊಡಬೇಕಾದರೆ ಮನುಷ್ಯನಿಗೆ ಮೂರು ಬೇಕು. ಇದು ನನ್ನ ಕೈಲಿ ಆಗುತ್ತದೆ ಅನ್ನಿಸಬೇಕು. ಇದರಲ್ಲಿ ನನ್ನ ಮಾತೂ ಒಂದಿಷ್ಟು ನಡೆಯುತ್ತದೆ ಅನ್ನಿಸಬೇಕು. ಇಲ್ಲಿ ನಾನು ಬೇಕಾದವನು ಅನ್ನಿಸಬೇಕು. “ಓದಿದ್ರ ಡಿಸಿ ಆಗ್ತೀರಿ” ಎಂಬ ಪ್ರಾರ್ಥನೆ ಹೊತ್ತಿನ ಭಾಷಣ ಈ ಮೂರರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಅದರ ಕಾವು ಬಿಸಿಯೂಟದ ಗಂಟೆಯವರೆಗೂ ಉಳಿಯುವುದಿಲ್ಲ ಎಂಬುದು ಭಾಷಣ ಮಾಡುವವರಿಗೂ ಗೊತ್ತು.

ಮೊದಲನೆಯದರಿಂದ ಶುರು ಮಾಡೋಣ, ಮಿಕ್ಕ ಎರಡಕ್ಕೂ ಅದೇ ಅಡಿಪಾಯ.

ಐದನೇ ತರಗತಿಯ ಹುಡುಗನ ಗಣಿತದ ನೋಟ್‌ಬುಕ್ ಒಂದನ್ನು ತೆರೆಯಿರಿ. 52ರಲ್ಲಿ 27 ಕಳೆಯಬೇಕು. ಅವನ ಉತ್ತರ 35. ಅದರ ಕೆಳಗೆ 81ರಲ್ಲಿ 46, ಉತ್ತರ 45. ಆಮೇಲೆ 60ರಲ್ಲಿ 24, ಉತ್ತರ 44. ಎಲ್ಲದಕ್ಕೂ ಕೆಂಪು ಶಾಯಿಯ ಅಡ್ಡಗೆರೆ. ನಡುವೆ 78ರಲ್ಲಿ 35 ಕಳೆದು 43 ಎಂದು ಸರಿಯಾಗಿ ಬರೆದಿದ್ದಾನೆ. ಕೆಳಗೆ ಶಿಕ್ಷಕರ ಷರಾ: “ಲಕ್ಷ್ಯ ಕೊಡು.”

ಹುಡುಗ ಲಕ್ಷ್ಯ ಕೊಟ್ಟೇ ಮಾಡಿದ್ದಾನೆ. ‘ದೊಡ್ಡದರಿಂದ ಚಿಕ್ಕದನ್ನು ಕಳಿ’ ಎಂದು ಚಿಕ್ಕ ತರಗತಿಯಲ್ಲಿ ಕಲಿಸಿದ್ದನ್ನು ಪ್ರತಿ ಸ್ಥಾನಕ್ಕೂ ಶ್ರದ್ಧೆಯಿಂದ ಹಚ್ಚಿದ್ದಾನೆ. ಎರಡು ಮತ್ತು ಏಳರಲ್ಲಿ ಏಳು ದೊಡ್ಡದು, ಅದರಿಂದ ಎರಡು ಕಳೆದರೆ ಐದು. ಐದರಲ್ಲಿ ಎರಡು ಹೋದರೆ ಮೂರು. ಮೂವತ್ತೈದು. ದಶಕ ಬಿಚ್ಚುವ ಅಗತ್ಯವಿಲ್ಲದ 78 – 35 ಮಾತ್ರ ಸರಿಬಂದಿರುವುದೇ ಇದಕ್ಕೆ ಸಾಕ್ಷಿ. ತಪ್ಪುಗಳ ಹಿಂದೆ ಒಂದು ನಿಯಮವಿದೆ, ಅದನ್ನು ಯಾರೂ ಕೇಳಿ ತಿಳಿದುಕೊಂಡಿಲ್ಲ. ದಿನವೂ ನಿಯಮ ಪಾಲಿಸಿ, ದಿನವೂ ಅಡ್ಡಗೆರೆ ತಿಂದ ಮಗು ಆರು ತಿಂಗಳಲ್ಲಿ ಒಂದು ತೀರ್ಮಾನಕ್ಕೆ ಬರುತ್ತದೆ: ಏನು ಮಾಡಿದರೂ ಅಷ್ಟೇ. ಅದಾದ ಮೇಲೆ ಅವನು ಲೆಕ್ಕ ಮಾಡುವುದನ್ನೇ ಬಿಡುತ್ತಾನೆ, ಪಕ್ಕದವನದ್ದನ್ನು ನೋಡಿ ಬರೆಯುತ್ತಾನೆ. ‘ಮನಸಿಲ್ಲ’ ಎಂಬ ಹೆಸರು ಅಂಟುವುದು ಆಗ.

ಇದೇ ಹುಡುಗನಿಗೆ ಸಂತೆಯ ಲೆಕ್ಕ ಕೇಳಿ. ಕೈಯಲ್ಲಿ 52 ರೂಪಾಯಿ ಇತ್ತು, 27ಕ್ಕೆ ಕಾಯಿಪಲ್ಯ ತಗೊಂಡಿ, ಎಷ್ಟು ಉಳೀತು? “ಇಪ್ಪತ್ತೈದು ರಿ ಸರ.” ಹೆಂಗ? “ಇಪ್ಪತ್ತೇಳಕ್ಕ ಮೂರು ಹಾಕಿದ್ರ ಮೂವತ್ತು. ಮುಂದ ಇಪ್ಪತ್ತೆರಡು. ಮೂರು ಇಪ್ಪತ್ತೆರಡು ಇಪ್ಪತ್ತೈದು.” ಬ್ರೆಜಿಲ್‌ನ ರೆಸೀಫಿ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಹೀಗೆಯೇ ಪರೀಕ್ಷಿಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟು ಸರಿ. ಅವೇ ಲೆಕ್ಕಗಳನ್ನು ಶಾಲೆಯಂತೆ ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸುಮಾರು ಶೇ. 37 ಮಾತ್ರ ಸರಿ. ಐದೇ ಮಕ್ಕಳ ಪುಟ್ಟ ಅಧ್ಯಯನ ಅದು, ಆದರೆ ಸಂತೆ ಕಟ್ಟುವ ಊರಿನಲ್ಲಿ ಪಾಠ ಮಾಡುವ ಯಾರಿಗೂ ಅದರ ಫಲಿತಾಂಶ ಹೊಸದೆನಿಸುವುದಿಲ್ಲ.

ಸರಿಪಡಿಸುವ ಬಗೆ ಹೀಗೆ. ಅಡ್ಡಗೆರೆ ಎಳೆಯುವ ಮುಂಚೆ “ಇದನ್ನ ಹೆಂಗ ಮಾಡಿದಿ, ಹೇಳು” ಎಂದು ಕೇಳುವುದು. ಅರ್ಧ ನಿಮಿಷ ಸಾಕು, ನಿಯಮ ಹೊರಗೆ ಬೀಳುತ್ತದೆ. ಆಮೇಲೆ ತಾಳೆ ನೋಡಿಸುವುದು: 35ಕ್ಕೆ 27 ಕೂಡಿಸು, 52 ಬಂತಾ? 62 ಬಂತು. ತಪ್ಪನ್ನು ಅವನೇ ಹಿಡಿದ, ನೀವು ಹೇಳಲಿಲ್ಲ. ಈ ವ್ಯತ್ಯಾಸ ದೊಡ್ಡದು. ಮೂರನೆಯದು ಕಡ್ಡಿ. ಕಸಬರಿಗೆ ಕಡ್ಡಿಯಾದರೂ ಸರಿ, ಜೋಳದ ದಂಟಿನ ಚೂರಾದರೂ ಸರಿ. ಹತ್ತು ಹತ್ತರ ಐದು ಕಟ್ಟು ರಬ್ಬರ್ ಬ್ಯಾಂಡ್ ಹಾಕಿ, ಎರಡು ಬಿಡಿ ಇಟ್ಟು, “ಇದರಾಗ ಇಪ್ಪತ್ತೇಳು ತೆಗಿ” ಅನ್ನಿ. ಬಿಡಿ ಏಳು ಸಿಗುವುದಿಲ್ಲ. ಮಗು ತಡವರಿಸುತ್ತದೆ, ಆಮೇಲೆ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಉಳಿಯುವುದು ಎರಡು ಕಟ್ಟು, ಐದು ಬಿಡಿ. ಪುಸ್ತಕದ ‘ದಶಕ ಸಹಿತ ವ್ಯವಕಲನ’ ಅಂದರೆ ಆ ರಬ್ಬರ್ ಬ್ಯಾಂಡ್ ಬಿಚ್ಚಿದ್ದು, ಅಷ್ಟೇ. ಕಾಗದದ ಲೆಕ್ಕ ಇದಾದ ಮೇಲೆ, ಅದೂ ನಾಲ್ಕೇ. ಎರಡು ದಿನ ಬಿಟ್ಟು ಮತ್ತೆರಡು.

ಕೆಡುವುದು ಎರಡು ಕಡೆ. ಶಿಕ್ಷಕರು ಮೇಜಿನ ಮೇಲೆ ತಾವೇ ಕಟ್ಟು ಬಿಚ್ಚಿ ತೋರಿಸಿ ನಲವತ್ತು ಮಕ್ಕಳಿಗೆ ನೋಡಲು ಹೇಳುತ್ತಾರೆ. ಬಿಚ್ಚಿದ ಕೈ ಕಲಿಯುತ್ತದೆ, ನೋಡಿದ ಕಣ್ಣು ಮರೆಯುತ್ತದೆ. ಇನ್ನೊಂದು, ತಪ್ಪಿದವನಿಗೆ ಇಪ್ಪತ್ತು ಲೆಕ್ಕದ ಶಿಕ್ಷೆ. ತಪ್ಪು ನಿಯಮ ಇಟ್ಟುಕೊಂಡು ಇಪ್ಪತ್ತು ಮಾಡಿದರೆ ತಪ್ಪು ಇಪ್ಪತ್ತು ಪಟ್ಟು ಗಟ್ಟಿಯಾಗುತ್ತದೆ. ಇಷ್ಟರಿಂದ ಹುಡುಗ ಗಣಿತದಲ್ಲಿ ಮುಂದೆ ಬಂದುಬಿಡುತ್ತಾನೆ ಎಂದಲ್ಲ. ‘ನಂಗ ಗಣಿತ ಬರಲ್ಲ’ ಎನ್ನುತ್ತಿದ್ದವನು ‘ನಂಗ ಕಟ್ಟು ಬಿಚ್ಚೋದು ಬರ್ತಿದ್ದಿಲ್ಲ’ ಎನ್ನುವಲ್ಲಿಗೆ ಬರುತ್ತಾನೆ. ಮೊದಲನೆಯದು ಗೋಡೆ, ಎರಡನೆಯದು ಗಂಟು.

ಮೂರು ಸಲ ತುಂಗಭದ್ರಾ

ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ? ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ವಿಜ್ಞಾನ ತರಗತಿಗಳ ಧ್ವನಿಮುದ್ರಿಕೆ ಕೇಳಿ ಅಳೆದರು: ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆ ಬೇರೆಯವರಿಗೆ ಹೋಗುತ್ತದೆ, ಇಲ್ಲವೇ ಶಿಕ್ಷಕರೇ ಉತ್ತರ ಹೇಳಿಬಿಡುತ್ತಾರೆ. ಇದನ್ನು ಮೂರು ಸೆಕೆಂಡ್‌ಗೆ ಎಳೆದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಇಳಿಯಿತು, ಹಿಂದುಳಿದವರೆಂದು ಶಿಕ್ಷಕರು ಅಂದುಕೊಂಡಿದ್ದ ಮಕ್ಕಳೂ ಬಾಯಿ ಬಿಟ್ಟರು.

ಮೂರು ಸೆಕೆಂಡ್ ಓದಲು ಚಿಕ್ಕದು, ತರಗತಿಯಲ್ಲಿ ನಿಂತವರಿಗೆ ಒಂದು ಯುಗ. ಮನಸ್ಸಿನಲ್ಲೇ ‘ತುಂಗಭದ್ರಾ’ ಎಂದು ನಿಧಾನವಾಗಿ ಮೂರು ಸಲ ಅಂದುಕೊಳ್ಳಿ, ಹೆಚ್ಚೂಕಡಿಮೆ ಅಷ್ಟಾಗುತ್ತದೆ. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡಿ ಶಾಲೆಗೆ ಬಂದು ಕನ್ನಡದಲ್ಲಿ ಉತ್ತರಿಸಬೇಕಾದ ಮಗುವಿಗಂತೂ ಇದು ಔದಾರ್ಯದ ಮಾತಲ್ಲ, ಅಗತ್ಯ. ಆ ಮಗು ಪ್ರಶ್ನೆಯನ್ನು ಒಂದು ಭಾಷೆಯಿಂದ ದಾಟಿಸಿ, ಉತ್ತರ ಹುಡುಕಿ, ಮತ್ತೆ ಈ ದಡಕ್ಕೆ ತರಬೇಕು. ಒಂದು ಸೆಕೆಂಡಿನಲ್ಲಿ ಅದು ಅರ್ಧ ಹೊಳೆಯಲ್ಲಿರುತ್ತದೆ.

ಭಾಷೆಯ ಮಾತು ಬಂತಲ್ಲ, ಕನ್ನಡದ ಮಗುವಿಗೂ ಇದೇ ಪಾಡು. “ಅಜ್ಜ ಕಟ್ಟಿ ಮ್ಯಾಲ ಕುಂತಾನ” ಎಂದ ಕೂಡಲೇ “ಕುಂತಾನ ಅಲ್ಲ, ಕುಳಿತಿದ್ದಾನೆ ಅನ್ನು” ಎಂದು ತಿದ್ದಿದರೆ, ಮಗುವಿಗೆ ಕೇಳಿಸುವುದು ವ್ಯಾಕರಣವಲ್ಲ, ನಿಮ್ಮ ಮನೆಯಲ್ಲಿ ಎಲ್ಲರೂ ತಪ್ಪು ಮಾತಾಡುತ್ತೀರಿ ಎಂಬ ತೀರ್ಪು. “ಹೌದು, ಕುಂತಾನ. ಪುಸ್ತಕದಾಗ ಅದನ್ನ ಕುಳಿತಿದ್ದಾನೆ ಅಂತ ಬರೀತಾರ” ಎಂದರೆ ಎರಡೂ ಉಳಿಯುತ್ತವೆ. ಗೋಡೆಯ ಮೇಲೊಂದು ಚಾರ್ಟ್ ಇರಲಿ: ನೀರು, ನೀಳ್ಳು, ಪಾನಿ, ಮಕ್ಕಳ ಬಾಯಿಂದಲೇ ಕೇಳಿ ಬರೆದದ್ದು. ಖರ್ಚು ಒಂದು ಡ್ರಾಯಿಂಗ್ ಶೀಟು.

ಕಾಯುವುದರಲ್ಲಿ ಕೆಡುವುದು ಮುಂದಿನ ಬೆಂಚಿನ ಇಬ್ಬರಿಂದ. ಅವರು ‘ಸರ ಸರ’ ಎಂದು ಕೈಯೆತ್ತಿ ಕುಣಿಯುತ್ತಿದ್ದರೆ ಉಳಿದವರ ಯೋಚನೆ ಅಲ್ಲಿಗೇ ನಿಲ್ಲುತ್ತದೆ, ಹೇಗೂ ಅವರು ಹೇಳುತ್ತಾರೆ. ಇದಕ್ಕೆ ಹಳೆಯ ಉಪಾಯ ಚೀಟಿ. ಎಲ್ಲ ಮಕ್ಕಳ ಹೆಸರು ಬರೆದ ಚೀಟಿ ಒಂದು ಡಬ್ಬಿಯಲ್ಲಿ. ಮೊದಲು ಪ್ರಶ್ನೆ, ಆಮೇಲೆ ಪಕ್ಕದವರ ಜೊತೆ ಅರ್ಧ ನಿಮಿಷ ಮಾತು, ಕೊನೆಗೆ ಚೀಟಿ. ಹೆಸರು ಕರೆದು ಪ್ರಶ್ನೆ ಕೇಳಿದರೆ ಉಳಿದ ಮೂವತ್ತೊಂಬತ್ತು ಮಂದಿಗೆ ರಜೆ, ಹಾಗಾಗಿ ಈ ಕ್ರಮ ತಪ್ಪಬಾರದು. ಎತ್ತಿದ ಚೀಟಿಯನ್ನು ಡಬ್ಬಿಗೇ ವಾಪಸ್ ಹಾಕಬೇಕು, ಪಕ್ಕಕ್ಕಿಟ್ಟರೆ ತನ್ನ ಪಾಳಿ ಮುಗಿಯಿತೆಂದು ಮಗು ನಿದ್ದೆಗೆ ಜಾರುತ್ತದೆ. ತೀರಾ ಹೆದರುವ ಮಗುವಿಗೆ ನಾಳೆಯ ಪ್ರಶ್ನೆಯನ್ನು ಇವತ್ತೇ ಗುಟ್ಟಾಗಿ ಕೊಟ್ಟು, ಚೀಟಿ ಎತ್ತುವಾಗ ಒಂದಿಷ್ಟು ಕೈಚಳಕ ಮಾಡಿದರೆ ಪಾಪವೇನೂ ಬರುವುದಿಲ್ಲ.

ಚೀಟಿಗೆ ಇನ್ನೊಂದು ಕಾರಣವೂ ಇದೆ. ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಾಟರಿಯಂತೆ ಆರಿಸಿದ ಕೆಲವು ಮಕ್ಕಳ ಹೆಸರು ಕೊಟ್ಟು “ಇವರು ಈ ವರ್ಷ ಚಿಗುರುತ್ತಾರೆ” ಎಂದು ಶಿಕ್ಷಕರನ್ನು ನಂಬಿಸಲಾಯಿತು. ಒಂದು ಮತ್ತು ಎರಡನೇ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಹೆಚ್ಚು ಮುಂದೆ ಬಂದರು, ದೊಡ್ಡ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರಿಣಾಮ ಎಷ್ಟು ದೊಡ್ಡದು ಎಂಬುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಆದರೆ ನಿರೀಕ್ಷೆ ಸೋರುವ ದಾರಿ ಯಾವ ತರಗತಿಯಲ್ಲೂ ಕಾಣುತ್ತದೆ: ಜಾಣರೆಂದುಕೊಂಡವರಿಗೆ ಹೆಚ್ಚು ಹೊತ್ತು ಕಾಯುತ್ತೇವೆ, ಸುಳಿವು ಕೊಡುತ್ತೇವೆ. ಉಳಿದವರಿಗೆ “ಕುಂದ್ರು”. ಒಂದು ಪೀರಿಯಡ್ಡಿನಲ್ಲಿ ಯಾರನ್ನು ಎಷ್ಟು ಸಲ ಕೇಳಿದಿರಿ ಎಂದು ಹಾಜರಿ ಪಟ್ಟಿಯ ನಕಲಿನ ಮೇಲೆ ಒಬ್ಬ ವಿದ್ಯಾರ್ಥಿಯಿಂದ ಗೀಟು ಹಾಕಿಸಿ ನೋಡಿ. ಹಿಂದಿನ ಸಾಲು, ಹೆಣ್ಣುಮಕ್ಕಳ ಕೊನೆಯ ಬೆಂಚು ಖಾಲಿ ಉಳಿದಿರುವುದು ಕಂಡರೆ ಅಚ್ಚರಿಪಡಬೇಕಿಲ್ಲ.

ನೋಟ್‌ಬುಕ್ಕಿನ ಅಂಚು

ನಲವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್. ಪಾಠದ ಹೊತ್ತು ಕಳೆದರೆ ಒಬ್ಬೊಬ್ಬರಿಗೆ ಒಂದೊಂದು ನಿಮಿಷವೂ ಸಿಗುವುದಿಲ್ಲ. ಹಾಗಾಗಿ ಮಗುವಿನೊಂದಿಗೆ ಒಬ್ಬರಿಗೊಬ್ಬರು ಮಾತಾಡಲು ಉಳಿಯುವ ಜಾಗ ನೋಟ್‌ಬುಕ್ಕೇ. ಅಲ್ಲಿ ನಾವು ಬರೆಯುವುದು ಒಂದು ರೈಟ್ ಗುರುತು, ಒಂದು ಸಹಿ, ದಿನಾಂಕ. ತಪಾಸಣೆಗೆ ಬರುವವರಿಗೆ ಅಷ್ಟು ಸಾಕು, ಮಗುವಿಗೆ ಸಾಲದು.

ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಸ್ರೇಲಿನ ಐದು, ಆರನೇ ತರಗತಿ ಮಕ್ಕಳ ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದವರ ಕೆಲಸವೂ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಪಡೆದವರು ಬರೀ ಅಂಕ ಪಡೆದವರಂತೆಯೇ ಆದರು. ಪಕ್ಕದಲ್ಲಿ ಅಂಕ ಇದ್ದರೆ ಟಿಪ್ಪಣಿಯನ್ನು ಯಾರು ಓದುತ್ತಾರೆ?

ನಮ್ಮಲ್ಲಿ ಅಂಕ ಬಿಡುವ ಹಾಗಿಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಸೆಮಿಸ್ಟರ್ ಕೊನೆಯ ಮೌಲ್ಯಮಾಪನ), ರಿಜಿಸ್ಟರಿನಲ್ಲಿ ಅಂಕಿ ಕೂರಲೇಬೇಕು. ಆದರೆ ಕ್ರಮ ಬದಲಿಸಬಹುದು. ಎಫ್‌ಎ ಉತ್ತರಪತ್ರಿಕೆಯನ್ನು ಮೊದಲು ಟಿಪ್ಪಣಿಯೊಂದಿಗೆ ಮಾತ್ರ ಕೊಡಿ. ಮಗು ತಿದ್ದಿ ವಾಪಸ್ ಕೊಟ್ಟ ಮೇಲೆ, ಎರಡು ದಿನ ಬಿಟ್ಟು ಅಂಕ ಹೇಳಿ. ದಿನನಿತ್ಯದ ನೋಟ್‌ಬುಕ್ಕನ್ನು ದಿನಕ್ಕೆ ಎಂಟರಂತೆ ಸೋಮವಾರದಿಂದ ಶುಕ್ರವಾರಕ್ಕೆ ಹಂಚಿದರೆ ನಲವತ್ತೂ ಮುಗಿಯುತ್ತವೆ, ಬಾರದೆ ಉಳಿದವರಿಗೆ ಶನಿವಾರ. ಮಿಕ್ಕ ದಿನ ಸಹಿ ಹಾಕಿದರೆ ಸಾಕು. ಆ ಎಂಟರಲ್ಲಿ ಒಂದೊಂದಕ್ಕೆ ಎರಡು ವಾಕ್ಯ: ಏನು ಸರಿಯಿದೆ, ಮುಂದೆ ಏನು ಮಾಡು. “ಮೊದಲೆರಡು ಸಾಲು ಸರಿ. ಮೂರನೇ ಸಾಲಲ್ಲಿ ಬಿಚ್ಚಿದ ಹತ್ತು ಎಲ್ಲಿ ಹೋಯ್ತು, ಹುಡುಕು.” ಮರುದಿನ ಪಾಠಕ್ಕೆ ಮೊದಲು ಐದು ನಿಮಿಷ ಹುಡುಕಲು ಬಿಡಬೇಕು. ಈ ಐದು ನಿಮಿಷ ಬಿಟ್ಟುಹೋದರೆ ಹಿಂದಿನ ಸಂಜೆಯ ಬರವಣಿಗೆಯೆಲ್ಲ ನೀರಿನಲ್ಲಿ ಹೋಮ.

ಹೊಗಳಿಕೆಯ ವಿಷಯದಲ್ಲಿ ಮೇಲಿನ ‘ಶಾಣ್ಯಾ’ ಪದಕ್ಕೆ ಮರಳಬೇಕು, ಅದೇ ಒಂದು ಬಲೆ. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಕೆಲವು ಮಕ್ಕಳಿಗೆ ಜಾಣತನದ ಹೊಗಳಿಕೆ, ಕೆಲವರಿಗೆ ಶ್ರಮದ ಹೊಗಳಿಕೆ ಸಿಕ್ಕಿತು. ನಂತರ ಕಠಿಣ ಸಮಸ್ಯೆ ಕೊಟ್ಟು ಸೋಲಿಸಲಾಯಿತು. ಜಾಣರೆನಿಸಿಕೊಂಡವರು ಮುಂದುವರಿಸುವ ಉಮೇದು ಕಳೆದುಕೊಂಡರು, ಆಮೇಲಿನ ಸುಲಭದ ಸಮಸ್ಯೆಗಳಲ್ಲೂ ಹಿಂದೆ ಬಿದ್ದರು. ಕಾರಣ ಸರಳ. ಸರಿ ಮಾಡಿದಾಗ ಶಾಣ್ಯಾ ಆದವನು ತಪ್ಪಿದಾಗ ದಡ್ಡನೇ ಆಗಬೇಕಲ್ಲ. ಆ ಹೆಸರು ಉಳಿಸಿಕೊಳ್ಳಲು ಸುಲಭದ ದಾರಿ, ಕಷ್ಟದ ಲೆಕ್ಕಕ್ಕೆ ಕೈಹಾಕದೇ ಇರುವುದು. ‘ಶಾಣ್ಯಾ ಅದಾನ, ಓದಾಕ ಮನಸಿಲ್ಲ’ ಎನ್ನಿಸಿಕೊಳ್ಳುವುದು ಹುಡುಗನಿಗೆ ಎಷ್ಟು ಕ್ಷೇಮದ ಜಾಗ ಎಂದು ಒಮ್ಮೆ ಯೋಚಿಸಿ. ಓದಿ ಫೇಲಾದರೆ ಆ ಜಾಗವೂ ಹೋಗುತ್ತದೆ. ಹಾಗೆಂದು ಪದ ಬದಲಿಸಿದ ಮಾತ್ರಕ್ಕೆ ಪವಾಡವಾಗದು, ನಂತರದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಚಿಕ್ಕದಾಗಿಯೇ ಕಂಡಿದೆ. ತಪ್ಪಿದವನಿಗೆಲ್ಲ “ಚೊಲೊ ಪ್ರಯತ್ನ” ಎನ್ನುವುದೂ ಸಮಾಧಾನದ ಬಹುಮಾನವೇ, ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ. ಮಾಡಿದ್ದನ್ನು ಹೆಸರಿಟ್ಟು ಹೇಳುವುದು ಒಳ್ಳೆಯದು: “ಉತ್ತರ ಬಂದಮ್ಯಾಲ ಕೂಡಿಸಿ ತಾಳೆ ನೋಡಿದೆಲ್ಲ, ಅದು ಚೊಲೊ ಮಾಡಿದಿ.”

ಬಹುಮಾನದ ಬಗ್ಗೆ ಎರಡೇ ಮಾತು. ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ಪುಟ್ಟ ಮಕ್ಕಳಿಗೆ “ಬಿಡಿಸಿದರೆ ಬಹುಮಾನ” ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರು ತಾವಾಗಿ ಬಿಡಿಸುವುದು ಕಡಿಮೆಯಾಯಿತು ಎಂದು 1973ರಲ್ಲೇ ಮನೋವಿಜ್ಞಾನಿ ಲೆಪ್ಪರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಇಷ್ಟವಿದ್ದ ಕೆಲಸಕ್ಕೆ ಕೂಲಿ ಕೊಟ್ಟರೆ ಅದು ಕೂಲಿಯೇ ಆಗುತ್ತದೆ. ಬೆತ್ತವಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ನಿಷಿದ್ಧ. ಕಾನೂನು ಬದಿಗಿಟ್ಟರೂ ಅದರ ಕೆಡುಕು ಬೇರೆ ಇದೆ: ಹೆದರಿದ ಮಗು ತಪ್ಪನ್ನು ಬಚ್ಚಿಡುತ್ತದೆ, ಬಚ್ಚಿಟ್ಟ ತಪ್ಪನ್ನು ತಿದ್ದಲಾಗದು.

ಗುಳೆ ಹೋಗಿ ಬಂದ ದಿನ

ದಸರಾ, ದೀಪಾವಳಿ ಕಳೆಯುತ್ತಿದ್ದಂತೆ ದೇವದುರ್ಗ, ಮಸ್ಕಿ, ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಇನ್ನೆಲ್ಲಿಗೋ ಗುಳೆ ಹೋಗುತ್ತವೆ. ಊರಲ್ಲೇ ಉಳಿದವರ ಮಕ್ಕಳೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹೊಲದಲ್ಲಿರುತ್ತಾರೆ. ಒಂದೂವರೆ ತಿಂಗಳ ಮೇಲೆ ಮಗು ಮತ್ತೆ ತರಗತಿಯ ಬಾಗಿಲಿಗೆ ಬರುತ್ತದೆ. ಆ ಮಗು ಮಾರ್ಚಿನಲ್ಲೂ ಶಾಲೆಯಲ್ಲಿರುತ್ತದೋ ಇಲ್ಲವೋ ಎಂಬುದರಲ್ಲಿ ಆ ಮೊದಲ ಒಂದು ತಾಸಿನ ಪಾಲು ದೊಡ್ಡದು.

ರೂಢಿಯ ಸ್ವಾಗತ ಹೀಗಿರುತ್ತದೆ. “ಬಂದೇನಪ್ಪಾ ಸಾಹೇಬ, ನೆಪ್ಪಾತೇನು ಸಾಲಿ?” ತರಗತಿ ನಗುತ್ತದೆ. ಅವನ ಜಾಗದಲ್ಲಿ ಬೇರೊಬ್ಬ ಕೂತಿರುತ್ತಾನೆ. ಆಮೇಲೆ ಆದೇಶ: ಆದ ನೋಟ್ಸೆಲ್ಲ ಬರಕೊಂಡು ಬಾ. ಆರು ವಾರದ ನೋಟ್ಸನ್ನು ಬರೆಯುವುದರಲ್ಲಿ ಕೈ ಸೋಲುತ್ತದೆ, ಒಂದಕ್ಷರ ತಲೆಗೆ ಹೋಗುವುದಿಲ್ಲ, ಅಷ್ಟರಲ್ಲಿ ಇವತ್ತಿನ ಪಾಠವೂ ತಪ್ಪಿರುತ್ತದೆ. ನಾಲ್ಕನೇ ದಿನಕ್ಕೆ ಅವನು ದನದ ಹಿಂದೆ.

ಬೇರೆ ದಾರಿ ಇದೆ. ಎಲ್ಲಿ ಹೋಗಿದ್ದಿ ಎಂದು ಎಲ್ಲರೆದುರು ಕೇಳುವುದು ಬೇಡ, ಗೊತ್ತಿರುವ ಸಂಗತಿಯದು. ಅವನ ಜಾಗ, ಅವನ ಪುಸ್ತಕ ಹಾಗೇ ಇರಲಿ. ಮೊದಲ ದಿನವೇ ಅವನಿಂದಾಗುವ ಒಂದು ಕೆಲಸ ಕೊಡಿ, ಹಾಜರಿ ಎಣಿಸುವುದಾದರೂ ಸರಿ. ಮಧ್ಯಾಹ್ನದೊಳಗೆ ಹದಿನೈದು ನಿಮಿಷ ಕೂರಿಸಿಕೊಂಡು, ಪುಸ್ತಕದ ಒಂದು ಪ್ಯಾರಾ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ, ಎಲ್ಲಿದ್ದಾನೆ ನೋಡಿ. ತಪ್ಪಿದ ಪಾಠಗಳಲ್ಲಿ ಮುಂದಿನದ್ದಕ್ಕೆ ಮೆಟ್ಟಿಲಾಗುವ ಮೂರನ್ನು ಮಾತ್ರ ಆರಿಸಿ, ಉಳಿದದ್ದನ್ನು ಧೈರ್ಯವಾಗಿ ಬಿಟ್ಟುಬಿಡಿ. ಭಿನ್ನರಾಶಿಯ ಸಂಕಲನ ಬಿಟ್ಟರೆ ಮುಂದೆ ಎಡವುತ್ತಾನೆ, ಪ್ರಬಂಧವೊಂದು ಬಿಟ್ಟರೆ ಏನೂ ಆಗುವುದಿಲ್ಲ. ಎರಡು ವಾರಕ್ಕೆ ಒಬ್ಬ ಜೊತೆಗಾರ ಇರಲಿ. ತರಗತಿಯ ಮೊದಲಿಗನೇ ಬೇಡ, ಇತ್ತೀಚೆಗಷ್ಟೇ ಅದನ್ನು ಕಲಿತವನಾದರೆ ಎಲ್ಲಿ ತೊಡಕು ಎಂದು ಚೆನ್ನಾಗಿ ಗೊತ್ತಿರುತ್ತದೆ. ಕಟ್ಟಡದ ಕೆಲಸದಲ್ಲಿ ಸಿಮೆಂಟು, ಮರಳು ಯಾವ ಪಾಲಿನಲ್ಲಿ ಕಲೆಸುತ್ತಾರೆ ಎಂದು ನೋಡಿ ಬಂದ ಮಗುವಿಗೆ ಅನುಪಾತದ ಪಾಠವನ್ನು ಸೊನ್ನೆಯಿಂದ ಕಲಿಸಬೇಕಿಲ್ಲ.

ಸ್ಥಳೀಯ ಉದಾಹರಣೆಗಳೂ ಹೀಗೆ ಪಾಠದ ಎಲುಬಾಗಿ ಬರಬೇಕು, ಒಗ್ಗರಣೆಯಾಗಿ ಅಲ್ಲ. ಗಂಗಾವತಿಯ ಮಗುವಿಗೆ 75 ಕೆಜಿ ತೂಗುವ ಭತ್ತದ ಚೀಲ 40 ಇದ್ದರೆ ಎಷ್ಟು ಕ್ವಿಂಟಲ್ ಎಂಬುದು ಅಪ್ಪನ ಜೊತೆ ಆಡಬಹುದಾದ ಮಾತು. ಕೊಪ್ಪಳದ ಮಗುವಿಗೆ ಅಶೋಕನ ಪಾಠವನ್ನು ಗವಿಮಠದ ಶಾಸನದಿಂದ ಶುರು ಮಾಡಬಹುದು, ಮಸ್ಕಿಯ ಮಗುವಿಗೆ ‘ಅಶೋಕ’ ಎಂಬ ಹೆಸರೇ ಇರುವ, 1915ರಲ್ಲಿ ಸಿಕ್ಕ ಶಾಸನ ಊರ ಬಂಡೆಯಲ್ಲೇ ಇದೆ. ಆದರೆ ಹಳ್ಳಿ ಮಗುವಿಗೆ ಬರೀ ಹೊಲದ ಲೆಕ್ಕ ಎಂದು ಬೇಲಿ ಹಾಕಬಾರದು. ಶನಿಗ್ರಹದ ಉಂಗುರಕ್ಕೆ ಬಾಯಿಬಿಟ್ಟು ನೋಡುವವರಲ್ಲಿ ಹತ್ತಿ ಬಿಡಿಸಿ ಬಂದವರೂ ಇರುತ್ತಾರೆ.

ಆಯ್ಕೆ, ಅಂದರೆ ‘ನನ್ನ ಮಾತೂ ನಡೆಯುತ್ತದೆ’ ಎಂಬುದಕ್ಕೆ ಹೆಚ್ಚು ಸರ್ಕಸ್ ಬೇಡ. ಹತ್ತು ಲೆಕ್ಕದಲ್ಲಿ ಯಾವುದಾದರೂ ಆರು ಮಾಡಿ, ಅದರಲ್ಲಿ ಎರಡು ಕೊನೆಯ ಸಾಲಿನವು ಇರಲಿ ಎಂದರೆ ಸಾಕು. ಮಕ್ಕಳು ಆರಿಸಲಿಕ್ಕಾದರೂ ಹತ್ತನ್ನೂ ಓದುತ್ತಾರೆ.

ಹತ್ತನೇ ತರಗತಿಗೆ ಬಂದಾಗ ಇದೆಲ್ಲ ತಲೆಕೆಳಗಾಗುತ್ತದೆ. ಜನವರಿ ಬರುತ್ತಿದ್ದಂತೆ ‘ನಿಧಾನ ಕಲಿಕೆಯವರು’ ಎಂದು ಪಟ್ಟಿ ಮಾಡಿ, ಪ್ರತ್ಯೇಕ ಕೂರಿಸಿ ಪಾಸಿಂಗ್ ಪ್ಯಾಕೇಜ್ ಕೊಡಲಾಗುತ್ತದೆ: ಇಷ್ಟು ಚಿತ್ರ, ಇಷ್ಟು ಪ್ರಮೇಯ, ಇಷ್ಟು ನಕ್ಷೆ. ಫಲಿತಾಂಶದ ಒತ್ತಡ ಅರ್ಥವಾಗುವಂಥದ್ದೇ. ಪ್ಯಾಕೇಜ್ ಕೆಲವರನ್ನು ದಡ ಮುಟ್ಟಿಸುವುದೂ ಹೌದು. ಆದರೆ ಅದನ್ನು ಕೈಗಿಡುವಾಗ ಹೇಳುವ ಮಾತಿನಲ್ಲಿ ವ್ಯತ್ಯಾಸವಿದೆ. “ನಿಂಗ ಇಷ್ಟ ಸಾಕು” ಎಂದರೆ ಅವನು ಇಷ್ಟೇ ಏರಬಹುದು ಎಂಬ ಮಿತಿಯನ್ನು ನಾವೇ ಕಟ್ಟಿಕೊಟ್ಟಂತೆ. “ಮೊದಲ ಇದು ಗಟ್ಟಿ ಮಾಡು, ಹದಿನೈದು ದಿನದಾಗ ಮುಂದಿನ ಎರಡು ಪಾಠ” ಎಂದು ದಿನಾಂಕ ಹಾಕಿ ಕೊಟ್ಟರೆ ಅದೇ ಹಾಳೆ ಮೊದಲ ಮೆಟ್ಟಿಲು. ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದನ್ನೂ ಡಿಸೆಂಬರಿನಲ್ಲೇ ಮಕ್ಕಳಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು. ಫೇಲಾದ ಮೇಲೆ ಹೇಳಿದರೆ ಅದು ಸಮಾಧಾನವಾಗುತ್ತದೆ, ಮೊದಲೇ ಹೇಳಿದರೆ ಯೋಜನೆ.

ಶಿಕ್ಷಕರ ಕೈಗೆ ಎಲ್ಲವೂ ಇಲ್ಲ. ಖಾಲಿ ಹುದ್ದೆ, ಶಾಲೆ ಶುರುವಾಗಿ ವಾರಗಳಾದ ಮೇಲೆ ಬರುವ ಅತಿಥಿ ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ತರಗತಿ, ರಕ್ತಹೀನತೆಯಿಂದ ಹನ್ನೊಂದಕ್ಕೇ ತೂಕಡಿಸುವ ಹುಡುಗಿ, ಇವನ್ನು ಚೀಟಿ ಡಬ್ಬಿಯಿಂದ ಸರಿಪಡಿಸಲಾಗದು. ಹಾಗಾಗಿ ಇಲ್ಲಿ ಹೇಳಿದ್ದೆಲ್ಲವನ್ನೂ ಒಟ್ಟಿಗೆ ಶುರು ಮಾಡುವವರು ಎರಡೇ ವಾರಕ್ಕೆ ದಣಿಯುತ್ತಾರೆ. ಒಂದು ತಿಂಗಳು ಒಂದೇ ಅಭ್ಯಾಸ ಸಾಕು, ಮೂರು ಸೆಕೆಂಡ್ ಕಾಯುವುದರಿಂದ ಶುರು ಮಾಡಿದರೆ ಖರ್ಚೂ ಇಲ್ಲ, ತಯಾರಿಯೂ ಇಲ್ಲ.

ಫಲ ಬರುತ್ತಿದೆಯೇ ಎಂದು ನೋಡಲು ಎತ್ತಿದ ಕೈಗಳನ್ನು ಎಣಿಸಬೇಡಿ, ಉತ್ತರ ಗೊತ್ತಿಲ್ಲದವರೂ ಕೈಯೆತ್ತುವುದನ್ನು ಕಲಿತಿರುತ್ತಾರೆ. ನೋಟ್‌ಬುಕ್ ನೋಡಿ. ಮೊದಲು ತಪ್ಪಿದ ಲೆಕ್ಕವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಮಾಡುತ್ತಿದ್ದವನು, ಈಗ ಒಂದು ಗೀಟು ಎಳೆದು ಕೆಳಗೆ ಮತ್ತೆ ಮಾಡಿರುತ್ತಾನೆ. 35ಕ್ಕೆ ಗೀಟು, ಪಕ್ಕದಲ್ಲಿ ಚಿಕ್ಕದಾಗಿ 35 + 27 = 62, ಕೆಳಗೆ 25.